ಯಿಶುನ್‌ನಿಂದ ಬಂದ ಮೇಷ್ಟ್ರು

ನರಸಿಂಹ ಮೇಷ್ಟ್ರನ್ನು ಎಲ್ಲಿರುವುದು ಎಂದು ಯಾರು ಕೇಳಿದರೂ ಉತ್ತರ ಒಂದೇ. "ಯಿಶುನ್‌ನಲ್ಲಿ, ಮಗನ ಮನೇಲಿ. ಮಗಳನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ." ಹೀಗೆ ನೋಡಿಕೊಂಡು ಹೋಗಲು ಬಂದವರು ಮೂರು ವರ್ಷದಿಂದ ಸಿಂಗಪುರದ ಇನ್ನೊಂದು ಬಡಾವಣೆ ಸೆರಂಗೂನ್‌ನಲ್ಲಿ, ನಮ್ಮ ಬ್ಲಾಕಿನಲ್ಲಿ, ನಮ್ಮ ಮೇಲಿನ ಮಹಡಿಯಲ್ಲೇ ಇದ್ದರು. ಹೋಗಿದ್ದನ್ನು ನಾನಂತೂ ಕಾಣೆ.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಸೊಸೆ ಹೇಳುತ್ತಾಳೆ. ಇರಬಹುದು. ಆದರೆ ಅಷ್ಟು ಸಜ್ಜನ ಮನುಷ್ಯ ದಿನಾ ಅದೇ ಸುಳ್ಳು ಹೇಳುವುದನ್ನು ಕೇಳಿದರೆ ಯಾರಿಗೆ ಕೋಪ ಬರುವುದಿಲ್ಲ? ಮೈಸೂರಿನ ಹೈಸ್ಕೂಲೊಂದರಲ್ಲಿ ಲೆಕ್ಕ ಹೇಳಿಕೊಟ್ಟವರು. 2013ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಇಬ್ಬರು ಮಕ್ಕಳೂ ಇರುವ ಸಿಂಗಪುರಕ್ಕೆ ಬಂದರು. ಮಗ ಬದರಿನಾಥ ಯಿಶುನ್‌ನಲ್ಲಿ ಇದ್ದದ್ದೇನೋ ನಿಜ. ಆದರೆ ಅವನ ಮನೆಯಲ್ಲಿ ಅವನ ಅತ್ತೆ ಇದ್ದರು, ಇವರಿಗೆ ಜಾಗ ಇರಲಿಲ್ಲ. ಮಗಳು ಪ್ರಣತಿ ಮತ್ತು ಅಳಿಯ ಅವಿನಾಶ್ ಎರಡು ಮಾತಾಡದೆ ಒಂದು ರೂಮು ಬಿಟ್ಟುಕೊಟ್ಟರು.

ಹೆಣ್ಣು ಕೊಟ್ಟ ಮನೆಯಲ್ಲಿ ನೀರೂ ಮುಟ್ಟಬಾರದು ಎಂದು ಕೇಳಿ ಬೆಳೆದ ಜೀವ ಅದು. ಗಂಡುಮಗ ಅದೇ ಊರಿನಲ್ಲಿರುವಾಗ ಅಳಿಯನ ಅನ್ನ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೋಫಾದ ಅಂಚಿನಲ್ಲಿ ಕೂರುತ್ತಿದ್ದರು. ಮಗಳೆದುರೇ "ನಿಮ್ಮನೆ ಫ್ಯಾನು", "ನಿಮ್ಮನೆ ಕೊಡೆ" ಎನ್ನುತ್ತಿದ್ದರು. ಗೌರಿ ಹಬ್ಬದ ಕಥೆಯಂತೂ ಕೇಳಲೇಬೇಡಿ. ತವರಿನಿಂದ ಮಗಳಿಗೆ ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಬರಬೇಕಲ್ಲ. ಒಂದೇ ಮನೆಯಲ್ಲಿದ್ದರೆ ತವರು ಬರುವುದಾದರೂ ಎಲ್ಲಿಂದ? ಬೆಳಿಗ್ಗೆ ಸ್ನಾನ ಮಾಡಿ, ಪಂಚೆ ಉಟ್ಟು, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಲಿಫ್ಟಿನಲ್ಲಿ ಇಳಿದು, ಬ್ಲಾಕಿನ ಬುಡದಲ್ಲಿ ಗೋಡೆಯಿಲ್ಲದೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಆಮೇಲೆ ಮೇಲೆ ಹೋಗಿ ಬೆಲ್ ಒತ್ತುವುದು. ಪ್ರಣತಿ ಬಾಗಿಲು ತೆಗೆದು "ಬನ್ನಿ ಅಪ್ಪ, ಯಾವಾಗ ಹೊರಟ್ರಿ?" ಎನ್ನಬೇಕು. ಪಾಪ, ಅನ್ನುತ್ತಿದ್ದಳು.

2016ರ ಗೌರಿ ಹಬ್ಬಕ್ಕೆ ಅವಿನಾಶನ ಅಪ್ಪ ಅಮ್ಮ ಬರುತ್ತಾರೆಂದು ಗೊತ್ತಾದಾಗ ಮೇಷ್ಟ್ರಿಗೆ ಊಟ ಸೇರದಾಯಿತು.

"ಬೀಗರು ಬಂದು ನೋಡಿದ್ರೆ ನನ್ನ ಮಾನ ಏನಾಗ್ಬೇಕು ಶಾಮಲಮ್ಮ? ಗಂಡುಮಕ್ಕಳು ಇಲ್ಲದವನ ಹಾಗೆ ಅವರ ಮಗನ ಮನೇಲಿ ಬಿದ್ದಿದೀನಿ."

"ಅವರ ಮಗನ ಮನೆ ಅಂತೀರಲ್ಲ, ನಿಮ್ಮ ಮಗಳದ್ದೂ ಅಲ್ವೇನ್ರಿ?" ಎಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಬೀಗರು ಇರುವಷ್ಟು ದಿನ ಕರೆದುಕೊಂಡು ಹೋಗು ಎಂದು ಬದರಿಯನ್ನು ಕೇಳಿಕೊಂಡರು. ಅವನು ಹೂಂ ಅಂದ. ಮೇಷ್ಟ್ರ ಮುಖ ನೋಡಬೇಕಿತ್ತು. "ಈ ಸಲ ನಿಜವಾಗ್ಲೂ ಯಿಶುನ್‌ನಿಂದಲೇ ಅರಿಶಿನ ಕುಂಕುಮ ತಂದುಕೊಡ್ತೀನಿ," ಎಂದು ಪ್ರಣತಿಗೆ ಹೇಳಿದರು. ಅವಳು ಎದ್ದು ಅಡುಗೆಮನೆಗೆ ಹೋದಳು.

ಹಬ್ಬದ ಹಿಂದಿನ ದಿನ ಅವಿನಾಶ್ ಏರ್‌ಪೋರ್ಟಿಗೆ ಹೋದಮೇಲೆ ಮೇಷ್ಟ್ರು ಸೂಟ್‌ಕೇಸ್ ಸಮೇತ ವಾಯ್ಡ್ ಡೆಕ್‌ಗೆ ಇಳಿದರು. ಜೊತೆಗಿರಲಿ ಎಂದು ನಾನೂ ಕೂತೆ. ಮಗ ಬರುವ ಹೊತ್ತಾಯಿತು, ಮೀರಿತು. ಫೋನು ಬಂತು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದರು.

"ಅಪ್ಪಾ, ಈ ಸಲ ಆಗಲ್ಲಪ್ಪ. ಇಲ್ಲಿ ಅಡ್ಜಸ್ಟ್ ಮಾಡೋಕೆ ಕಷ್ಟ. ನೆಕ್ಸ್ಟ್ ಮಂತ್ ನೋಡೋಣ. ಹೇಗಿದ್ರೂ ಅಲ್ಲಿ ಆರಾಮಾಗಿದೀರಲ್ಲ."

"ಆಯ್ತಪ್ಪ. ಪರವಾಗಿಲ್ಲ," ಎಂದರು ಮೇಷ್ಟ್ರು. ನನ್ನ ಮೈಯೆಲ್ಲ ಉರಿಯಿತು. ಹಾಳಾದವನು, ಹಿಂದಿನ ದಿನವೇ ಹೇಳಬಾರದಿತ್ತೇ? ಮೇಲೆ ಹೋಗೋಣ ಎಂದು ಅವರನ್ನು ಏಳಿಸುವಷ್ಟರಲ್ಲಿ ಟ್ಯಾಕ್ಸಿ ಬಂದು ನಿಂತಿತು. ಅವಿನಾಶನ ಹಿಂದೆ ಅವನ ಅಪ್ಪ ಯೋಗೇಶ, ಅಮ್ಮ ಸರಳಾ ಇಳಿದರು.

"ಈಗ ತಾನೇ ಯಿಶುನ್‌ನಿಂದ ಬಂದೆ," ಎಂದರು ಮೇಷ್ಟ್ರು, ಯಾರೂ ಕೇಳದೆಯೇ. ಅವಿನಾಶ್ ನೆಲ ನೋಡುತ್ತಾ ಅವರ ಸೂಟ್‌ಕೇಸನ್ನೂ ಎತ್ತಿಕೊಂಡ. ಪ್ರಣತಿ ನನ್ನನ್ನೂ ಊಟಕ್ಕೆ ಹೇಳಿದ್ದಳು, ಹಾಗಾಗಿ ಎಲ್ಲರೂ ಒಟ್ಟಿಗೇ ಮೇಲೆ ಹೋದೆವು.

ಸರಳಾ ಒಳ್ಳೆಯ ಹೆಂಗಸು. ಕೂತವಳೇ ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಮೇಷ್ಟ್ರ ಕೈಗಿಟ್ಟಳು. "ಬೀಗರೇ, ನಿಮ್ಮ ಬಿಪಿ ಮಾತ್ರೆ. ನೀವು ತಗೊಳ್ಳೋ ಕಂಪನೀದು ಇಲ್ಲಿ ಸಿಗಲ್ಲ ಅಂತ ಪ್ರಣತಿ ಹೇಳಿದ್ಲು. ನಿಮ್ಮ ರೂಮು ನೀವು ಬಿಡಬೇಡಿ, ನಾವು ಹಾಲ್‌ನಲ್ಲಿ ಮಲಗ್ತೀವಿ. ಅವಿನಾಶನಿಗೆ ಆಗಲೇ ಹೇಳಿದೀನಿ."

ಬೀಗರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಮೇಷ್ಟ್ರು ಪೊಟ್ಟಣ ಹಿಡಿದುಕೊಂಡು ನಿಂತೇ ಇದ್ದರು. ಆಗ ಪ್ರಣತಿ ಸೌಟು ಹಿಡಿದೇ ಹೊರಗೆ ಬಂದಳು.

"ಅಪ್ಪ, ಮಗಳ ಮನೇಲಿ ಇದೀನಿ ಅಂತ ಹೇಳ್ಕೊಳ್ಳೋದು ಅಷ್ಟೊಂದು ಅವಮಾನನಾ? ನಾನೇನು ಕಮ್ಮಿ ಮಾಡಿದೀನಿ?"

ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿ ಇತ್ತು. ಎಲ್ಲರೂ ಎಲ್ಲೆಲ್ಲೋ ನೋಡಿದೆವು. ತನ್ನ ಮಾನ ಉಳಿಸಿಕೊಳ್ಳಲು ಮಗಳ ಮಾನ ಕಳೆದಿದ್ದು ಮನುಷ್ಯನಿಗೆ ಅವತ್ತೇ ಹೊಳೆದಿರಬೇಕು. ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಊಟಕ್ಕೆ ಕೂತಾಗ ಮೇಷ್ಟ್ರು ತಟ್ಟೆ ನೋಡುತ್ತಲೇ ಬಾಯಿಬಿಟ್ಟರು.

"ನಾನು ಇರೋದು ಇಲ್ಲೇ, ಬೀಗರೇ. ಮಗಳ ಮನೇಲಿ."

"ಅದಕ್ಕೇನಂತೆ, ಇರಿ," ಎಂದರು ಯೋಗೇಶ. ಬಡಿಸುತ್ತಿದ್ದ ಪ್ರಣತಿ ಅಪ್ಪನ ಭುಜದ ಮೇಲೆ ಕೈಯಿಟ್ಟಳು. ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಲಿಲ್ಲ.

"ಬದರಿ ಕರೀತಾನೇ ಇರ್ತಾನೆ. ಈಗಲೂ ಫೋನ್ ಮಾಡಿದ್ದ, ಬಂದುಬಿಡಿ ಅಪ್ಪ ಅಂತ. ನಾನೇ ಬರಲ್ಲ ಅಂದೆ."

ಪ್ರಣತಿ ನನ್ನನ್ನು ನೋಡಿದಳು. ಹರಿತ ನಾಲಿಗೆ ನನ್ನದು, ಇದ್ದದ್ದನ್ನು ಇದ್ದ ಹಾಗೆ ಹೇಳುವವಳೆಂದು ಬ್ಲಾಕಿಗೇ ಗೊತ್ತು.

"ಹೌದು, ನಾನೂ ಪಕ್ಕದಲ್ಲೇ ಇದ್ದೆ," ಎಂದೆ. "ತುಂಬಾ ಕರೆದ, ಪಾಪ."

ಮೇಷ್ಟ್ರು ಸಾರನ್ನ ಕಲಸುತ್ತಲೇ ಇದ್ದರು. ನನ್ನ ಕಡೆ ತಿರುಗಿ ನೋಡಲಿಲ್ಲ.