ಅಯ್ಯನವರ ತುಟಿ, ನನ್ನ ಸೆಕೆಂಡು

ಮಗಳ ಮದುವೆಯ ವಿಡಿಯೊವನ್ನು ಮರಳಿ ಊರಿನ ಬೀಗರಿಗೆಂದು ಡಿವಿಡಿ ಮಾಡಿಸಿದ್ದೆ. ಬೀಗರೆದುರು ನನ್ನ ಕೆಲಸದಲ್ಲಿ ಒಂದು ತಪ್ಪೂ ಕಾಣಬಾರದು. ಮದುವೆ ಮಾಡಿಸಿದ ಅಯ್ಯನವರ ತುಟಿಗೂ ಮಂತ್ರಕ್ಕೂ ತಾಳೆಯಾಗುತ್ತಿಲ್ಲವೆಂದು ಭಾಗ್ಯನಗರದ ಸ್ಟುಡಿಯೊಗೆ ಮೂರು ಸಲ ವಾಪಸ್ ಒಯ್ದೆ. ಧ್ವನಿಯನ್ನು ಎಷ್ಟು ಸೆಕೆಂಡು ಸರಿಸಬೇಕೆಂದು ಪ್ರತಿ ಸಲವೂ ಬರೆದುಕೊಟ್ಟೆ.

ನಾಲ್ಕನೇ ಸಲ ಸ್ಟುಡಿಯೊದ ಖಾಜಾಸಾಬರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. “ಸರ್, ಯಾರ ಬಾಯಿ ನೋಡಾಕತ್ತೀರಿ?”

“ಅಯ್ಯನವರದು. ಇವರು, ಶಾಲು ಹೊದ್ದವರು.”

“ಅವರು ನಿಮ್ಮ ಬೀಗರ್ರಿ. ಎಲಿ-ಅಡಿಕಿ ಮೆಲ್ಲಾಕತ್ತಾರ. ಮಂತ್ರ ಹೇಳೋ ಅಯ್ನಾರು ಕಂಬದ ಹಿಂದ ಅದಾರ.”

ಇಷ್ಟು ದಿನ ನಾನು ತುಟಿ ಬಿಟ್ಟು ಮುಖ ನೋಡಿಯೇ ಇರಲಿಲ್ಲ.

ಖಾಜಾಸಾಬರು ಎತ್ತಿಟ್ಟಿದ್ದ ಮೊದಲನೇ ಡಿವಿಡಿಯನ್ನೇ ಮರಳಿಗೆ ಕಳಿಸಿದೆ. ಬೀಗರು ಫೋನ್ ಮಾಡಿ, “ಭಾಳ ಛಲೋ ಆಗೈತ್ರಿ. ನೀವು ಕೂತು ತಿದ್ದಿಸಿದ್ದು ಗೊತ್ತಾಕೈತಿ,” ಎಂದರು. ಎಲ್ಲರ ತಪ್ಪು ತಿದ್ದುವ ನಾನು ಅವರನ್ನು ಮಾತ್ರ ತಿದ್ದಲಿಲ್ಲ.