ಲಗಮಪ್ಪ ತೆಗೆದ ಪಾಚಿ

ತೆಲಸಂಗದ ವಿರುಪಾಕ್ಷಪ್ಪನವರ ದ್ರಾಕ್ಷಿ ತೋಟಕ್ಕೆ ನೀರು ಬರುವುದು ಕೃಷಿ ಹೊಂಡದಿಂದ. ಆ ಬೇಸಿಗೆ ಹೊಂಡದ ತುಂಬ ಹಸಿರು ಪಾಚಿ ಹಬ್ಬಿತು. ಎತ್ತಿ ಹಿಡಿದರೆ ಥೇಟ್ ಮೀನಿನ ಬಲೆ. ಅದು ಡ್ರಿಪ್ಪಿನ ಫಿಲ್ಟರಿಗೆ ಸಿಕ್ಕಿಕೊಂಡು ನೀರು ನಿಂತಾಗ, ಬಹಳ ವರ್ಷದ ಆಳು ಲಗಮಪ್ಪ ಹೊಂಡಕ್ಕಿಳಿದು ಎಲ್ಲವನ್ನೂ ಎಳೆದು ದಂಡೆಗೆ ಹಾಕಿದ. ಕೆಲವೇ ದಿನಗಳಲ್ಲಿ ಹೊಂಡ ಮತ್ತೆ ಹಸಿರಾಯಿತು. ಮತ್ತೆ ತೆಗೆದ. ಮತ್ತೆ ಬಂತು.

ವಿರುಪಾಕ್ಷಪ್ಪನವರ ಸಿಟ್ಟು ನೆತ್ತಿಗೇರಿತು. ಬಳ್ಳಿ ಸವರಲು ಬಂದ ಆಳುಗಳೆಲ್ಲರ ಎದುರೇ ಕೂಗಾಡಿದರು.

"ನೆಳ್ಳಾಗ ಕುಂತ ಎದ್ದ ಬಂದು, ತಗದೀನಿ ಅಂತ ಹೇಳ್ತಿಯೇನಲೇ?"

"ಪೂರಾ ತಗದೀನ್ರಿ ಸಾವಕಾರ್ರ. ಒಂದೆರಡ ಎಳಿ ಉಳದಿರಬೇಕ್ರಿ, ಅಷ್ಟ."

"ಎರಡ ಎಳಿಯಿಂದ ಹೊಂಡ ತುಂಬತೈತೇನ? ಸುಳ್ಳಬುರಕ! ನಾಳಿಂದ ಬರಬ್ಯಾಡ."

ಲಗಮಪ್ಪ ಒದ್ದೆ ಬಟ್ಟೆಯಲ್ಲೇ ಹೋಗಿಬಿಟ್ಟ.

ಬೇರೆ ಆಳುಗಳು ತೆಗೆದರೂ ಪಾಚಿ ಮರಳಿತು. ಅಥಣಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ವಿರುಪಾಕ್ಷಪ್ಪನವರ ಸೊಸೆ ಪ್ರಾಜಕ್ತಾ ಅದರ ಚೂರೊಂದನ್ನು ಬಾಟಲಿಯಲ್ಲಿ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಂದು ಊಟಕ್ಕೆ ಕುಳಿತ ಮಾವನಿಗೆ ತೋರಿಸಿದಳು.

"ಮಾಮಾರ, ಇದು ಹೈಡ್ರೋಡಿಕ್ಟಿಯಾನ್ ಅಂತ್ರಿ. ಬಲಿಯ ಒಂದೊಂದ ಎಳಿನೂ ಒಂದೊಂದ ಜೀವಕೋಶ. ಅದು ಬಲತ ಮ್ಯಾಲ ಒಳಗ ಸಾವಿರಾರು ಸಣ್ಣ ಕೋಶ ಹುಟ್ಟತಾವ. ಹೊರಗ ಬರಂಗಿಲ್ಲ. ಒಳಗ ಅಷ್ಟ ಓಡ್ಯಾಡಿ, ಒಂದಕ್ಕೊಂದು ಹತಗೊಂಡು ಸಣ್ಣ ಬಲಿ ಆಗತಾವ. ತಾಯಿಕೋಶದ ಗ್ವಾಡಿ ಒಡದ ಮ್ಯಾಲ ಆ ಬಲಿ ಹೊರಗ ಬಂದು ಬೆಳೀತೈತಿ."

ಫೋಟೋದಲ್ಲಿ, ಗಾಜಿನ ಕೊಳವೆಯಂಥದರ ಒಳಗೆ ನಿಜಕ್ಕೂ ಒಂದು ಪುಟ್ಟ ಬಲೆಯಿತ್ತು.

"ಅಂದ್ರ, ಒಂದ ಎಳಿ ಉಳದ್ರೂ..."

"ಪೂರಾ ಬಲಿ ಆಗತೈತ್ರಿ."

ವಿರುಪಾಕ್ಷಪ್ಪನವರು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ವಿಚಾರಿಸಿದಾಗ ಲಗಮಪ್ಪ ಮುಗಳಖೋಡದಲ್ಲಿದ್ದಾನೆಂದು ತಿಳಿಯಿತು. ಹೋದರು. ಅವನು ಯಾರದೋ ಕಬ್ಬಿಗೆ ನೀರು ಹಾಯಿಸುತ್ತಿದ್ದ.

"ತಪ್ಪಾತೋ ಲಗಮಪ್ಪ. ನೀ ಖರೇನ ಹೇಳಿದ್ದಿ."

ಲಗಮಪ್ಪ ಸಲಿಕೆ ಕೆಳಗಿಡಲಿಲ್ಲ. "ಇಲ್ಲಿ ನಾವಿಬ್ರ ಅದೀವ್ರಿ. ಸುಳ್ಳಬುರಕ ಅಂದದ್ದು ಎಲ್ಲಾರ ಮುಂದ."

ಮರುದಿನ ಅವರು ಆಳುಗಳನ್ನೆಲ್ಲ ಬಳ್ಳಿಗಳಿಂದ ಹೊರಗೆ ಕರೆದರು. "ಲಗಮಪ್ಪ ಸುಳ್ಳ ಹೇಳಿದ್ದಿಲ್ಲ. ತಪ್ಪು ನಂದು," ಎಂದರು. ಆಳುಗಳಲ್ಲಿ ಹಿರಿಯಳಾದ ಸುಂದ್ರವ್ವ, "ಅಂವ ಇಲ್ಲಿದ್ದಾಗ ಹೇಳಬೇಕಿತ್ರಿ," ಎಂದು ಕೆಲಸಕ್ಕೆ ತಿರುಗಿದಳು.

ಸಾವಕಾರರು ಎಲ್ಲರೆದುರು ತಪ್ಪೊಪ್ಪಿಕೊಂಡ ಮಾತು ಲಗಮಪ್ಪನಿಗೂ ಮುಟ್ಟಿತು. ಆದರೆ ಅವನು ಮರಳಿ ಬರಲಿಲ್ಲ. ಒಮ್ಮೆ ಸಂತೆಯಲ್ಲಿ ಎದುರಾದಾಗ "ಆರಾಮ್ರಿ ಸಾವಕಾರ್ರ?" ಎಂದು ಮರ್ಯಾದೆಯಿಂದಲೇ ಕೇಳಿ ಮುಂದೆ ನಡೆದ. ವಿರುಪಾಕ್ಷಪ್ಪ ತಾವು ಏನು ಕೊಳ್ಳಲು ಬಂದಿದ್ದೆವೆಂಬುದನ್ನೇ ಮರೆತು ಅಲ್ಲೇ ನಿಂತರು.