ಸಂಡಿಗೆಯ ಮೇಲೊಂದು ಪುರಾತನ ಕಾಡು

ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ, ತಿರುವೊಟ್ಟಿಯೂರಿನ ನಮ್ಮ ತಾರಸಿಯ ಮೇಲೆ ಸಂಡಿಗೆ ಮತ್ತೆ ಹಾಳಾಗಿತ್ತು. ಹತ್ತಿರದ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿ ಗಾಳಿಯಲ್ಲಿ ತೇಲಿಬಂದು ಹಸಿ ಹಿಟ್ಟಿಗೆ ಅಂಟಿಕೊಂಡಿತ್ತು. ಕಾಗೆ ಓಡಿಸಲು ಕೂರಿಸಿದ್ದ ಮಗಳು ಪರೀಕ್ಷೆಗೆಂದು ಭೂಮಿಯ ಯುಗಗಳನ್ನು ಉರುಹೊಡೆಯುತ್ತಿದ್ದಳು: ಪೇಲಿಯೋಜೋಯಿಕ್, ಮೀಸೋಜೋಯಿಕ್, ಸೀನೋಜೋಯಿಕ್.

"ನೋಡ್ಕೊಳ್ಳೋಕೆ ಕೂರಿಸಿದ್ರೆ ಇದಾ?" ಎಂದೆ.

"ಬೂದೀನ ಹೇಗೆ ಓಡಿಸ್ಲಿ ಮಾ? ಆ ಕಲ್ಲಿದ್ದಲು ಡೈನೋಸರ್‌ಗೂ ಮುನ್ನಾಡಿ ಇದ್ದ ಕಾಡು. ಪೇಲಿಯೋಜೋಯಿಕ್."

ನನಗೆ ಮೈಯೆಲ್ಲ ಉರಿಯಿತು. "ಕೋಟಿಗಟ್ಟಲೆ ವರ್ಷ ಮಣ್ಣೊಳಗೆ ತೆಪ್ಪಗೆ ಬಿದ್ದಿತ್ತಲ್ಲ, ನನ್ನ ಸಂಡಿಗೆ ಒಣಗೋ ತನಕ ಇನ್ನೆರಡು ಬಿಸಿಲು ತಡ್ಕೊಳ್ಳೋಕೆ ಆಗ್ಲಿಲ್ವಾ ಅದಕ್ಕೆ?"

ಅಷ್ಟರಲ್ಲಿ ಕಾಗೆಯೊಂದು ಇಳಿದು ಒಂದು ಸಂಡಿಗೆಯನ್ನು ಕುಕ್ಕಿ ನೋಡಿತು. ಮಗಳು ಓಡಿಸಬೇಕಾಗಲಿಲ್ಲ. ಅದನ್ನು ಅಲ್ಲೇ ಬಿಟ್ಟು ತಾನಾಗಿ ಹಾರಿಹೋಯಿತು.